ತಲೆ ತಿರುಗಿದರೆ ಕಣ್ಣು ಯಾಕೆ ನೋಡ್ತಾರೆ?

ಕಳೆದ ಬೇಸಿಗೆ ರಜೆಗೆ ನಾವು ಚಂದ್ರಬಂಡದಲ್ಲಿದ್ದಾಗ ಒಂದು ಬೆಳಿಗ್ಗೆ ಅಜ್ಜಿಗೆ ತಲೆ ಗಿರ್ರನೆ ತಿರುಗೋಕೆ ಶುರುವಾಯ್ತು. ವಾಂತಿ ಬೇರೆ. ಗೋಡೆ ಹಿಡಿದ್ರೂ ನಿಲ್ಲೋಕಾಗ್ತಿರಲಿಲ್ಲ. "ಪಿತ್ತ ಆಗ್ಯಾದ, ಲಿಂಬಿ ಶರಬತ್ತು ಕೊಡ್ರಿ" ಅಂದ್ರು ಪಕ್ಕದ ಮನೆಯವರು. ರಾಯಚೂರಿನ ಬಿಸಿಲಿಗೆ ಯಾರಾದ್ರೂ ಹಾಗೇ ಅಂದ್ಕೋತಾರೆ.

ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಸಿಟಿ ಸ್ಕ್ಯಾನ್ ನಾರ್ಮಲ್! ನಾವು ಮನೆಗೆ ಹೊರಡೋಕೆ ರೆಡಿ. ಆದರೆ ಡಾಕ್ಟರು ಬಿಡಲಿಲ್ಲ. "ನನ್ನ ಮೂಗು ನೋಡಮ್ಮ" ಅಂತ ಹೇಳಿ, ಅಜ್ಜಿಯ ತಲೆಯನ್ನು ಥಟ್ಟನೆ ಸ್ವಲ್ಪ ತಿರುಗಿಸಿ ಕಣ್ಣನ್ನೇ ಗಮನಿಸಿದರು.

ಏನಿದು? ಒಳಕಿವಿಯಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ಅವೇ ನಮ್ಮ ಮೂರು ಆಕ್ಸಿಸ್ ಜೈರೋಸ್ಕೋಪ್. ತಲೆ ಬಲಕ್ಕೆ ತಿರುಗಿದರೆ ಸುಮಾರು 10 ಮಿಲಿಸೆಕೆಂಡಿನಲ್ಲಿ ಕಣ್ಣು ಎಡಕ್ಕೆ ಅಷ್ಟೇ ವೇಗದಲ್ಲಿ ತಿರುಗುತ್ತೆ. ಅಂದ್ರೆ ಗೇನ್ ಹತ್ತಿರಹತ್ತಿರ 1. ಕಿವಿ ಕೆಟ್ಟಿದ್ದರೆ ಕಣ್ಣು ತಲೆಯ ಜೊತೆ ಜಾರಿ, ಆಮೇಲೆ ಮೂಗಿನತ್ತ ಜಿಗಿಯುತ್ತೆ. 1988ರಲ್ಲಿ ಹಾಲ್ಮಾಗಿ ಮತ್ತು ಕರ್ಥಾಯ್ಸ್ ವಿವರಿಸಿದ ಪರೀಕ್ಷೆ ಇದು.

ತಮಾಷೆ ಇರೋದೇ ಇಲ್ಲಿ: ತಲೆ ಬಿಡದೆ ತಿರುಗ್ತಿದ್ದರೂ ಕಣ್ಣು ಜಾರದಿದ್ದರೆ ಚಿಂತೆ ಜಾಸ್ತಿ. ಕಿವಿ ಸರಿಯಿದೆ, ದೋಷ ಮೆದುಳಿನಲ್ಲಿರಬಹುದು! ಇದರ ಜೊತೆ ಕಣ್ಣು ಅದುರುವ ದಿಕ್ಕು ಬದಲಾಗುತ್ತಾ, ಒಂದು ಕಣ್ಣು ಮೇಲೆ ಒಂದು ಕೆಳಗೆ ಇದೆಯಾ ಅಂತಲೂ ನೋಡ್ತಾರೆ. ಈ ಮೂರೂ ಸೇರಿ 'ಹಿಂಟ್ಸ್'. 2009ರಲ್ಲಿ ಕಟ್ಟಾ ಮತ್ತು ಸಂಗಡಿಗರು 101 ರೋಗಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಮೊದಲ 48 ಗಂಟೆಯೊಳಗೆ ತೆಗೆದ ಎಂಆರ್‌ಐ ಕೂಡ ಕೆಲವು ಸ್ಟ್ರೋಕ್‌ಗಳನ್ನು ತಪ್ಪಿಸಿಕೊಂಡಿತ್ತು. ಪರಿಣತರ ಹಿಂಟ್ಸ್ ಒಂದನ್ನೂ ಬಿಡಲಿಲ್ಲ.

ಸಿಟಿಗೆ ಇನ್ನೂ ಕಷ್ಟ. ಸಣ್ಣಮೆದುಳಿನ ಸುತ್ತ ದಪ್ಪ ಮೂಳೆ ಇರೋದ್ರಿಂದ ಚಿತ್ರದಲ್ಲಿ ಗೆರೆಗಳು ಬೀಳ್ತವೆ, ಹೊಸ ಸ್ಟ್ರೋಕ್ ಅದರಲ್ಲಿ ಮರೆಯಾಗುತ್ತೆ. ಅಜ್ಜಿಗೂ ಎರಡು ದಿನದ ನಂತರದ ಎಂಆರ್‌ಐನಲ್ಲೇ ಸಣ್ಣಮೆದುಳಿನ ಸ್ಟ್ರೋಕ್ ಕಾಣಿಸ್ತು. ಅಷ್ಟರಲ್ಲಿ ಚಿಕಿತ್ಸೆ ಶುರುವಾಗಿತ್ತು. ಈಗ ಕೋಲು ಹಿಡಿದು ಓಡಾಡ್ತಾರೆ.

ಈ ಪರೀಕ್ಷೆಗೆ ಈಗ ಕನ್ನಡಕದಂಥ ಉಪಕರಣವೂ ಇದೆ: ವೇಗದ ಕ್ಯಾಮೆರಾ ಕಣ್ಣನ್ನು, ಜೈರೋಸ್ಕೋಪ್ ತಲೆಯನ್ನು ಅಳೆದು ಗೇನ್ ಲೆಕ್ಕ ಹಾಕುತ್ತೆ. ಪ್ರಾಜೆಕ್ಟ್ ಹುಡುಕ್ತಿರೋರು ಯೋಚಿಸಿ!

ಒಂದು ಮಾತು: ಮನೇಲಿ ಯಾರ ಕುತ್ತಿಗೆಯನ್ನೂ ತಿರುಗಿಸಬೇಡಿ, ಅದು ಡಾಕ್ಟರ ಕೆಲಸ. ದಿಢೀರ್ ತಲೆ ತಿರುಗಿ ನಿಲ್ಲೋಕಾಗದಿದ್ದರೆ, ಮಾತು ತೊದಲಿದರೆ, ಎಲ್ಲ ಎರಡೆರಡಾಗಿ ಕಂಡರೆ ಶರಬತ್ತು ಆಮೇಲೆ, ಮೊದಲು 108.