ಕನಿಷ್ಠ ಕೂಲಿ: ದಯೆಯಲ್ಲ, ತೀರಿಸಬೇಕಾದ ಸಾಲ

ಕೆಲಸಗಾರನ ಬೆವರು ಆರುವ ಮುನ್ನವೇ ಅವನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಬೋಧನೆಯನ್ನು ಜುಮಾ ಖುತ್ಬಾಗಳಲ್ಲಿ ನಾವು ಹಲವು ಸಲ ಕೇಳಿದ್ದೇವೆ. ಕೂಲಿ ಯಾವಾಗ ಕೊಡಬೇಕು ಎಂಬುದು ಅದರಿಂದ ತಿಳಿಯುತ್ತದೆ. ಎಷ್ಟು ಕೊಡಬೇಕು? ಮಸರಕಲ್, ದೇವದುರ್ಗ, ಮಾನ್ವಿ ಕಡೆ ಹತ್ತಿ ಬಿಡಿಸುವ ಕಾಲ ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ನಮ್ಮ ಮನೆಗಳಲ್ಲಿ ಕೂಲಿಗೆ ಹೋಗುವವರೂ ಇದ್ದಾರೆ, ಆಳು ಹಚ್ಚುವವರೂ ಇದ್ದಾರೆ. ಬೆಂಗಳೂರಿಗೆ ಗುಳೆ ಹೋಗಿ ಸೆಂಟ್ರಿಂಗ್ ಕೆಲಸ ಮಾಡುವವರಿದ್ದಾರೆ, ಅಂಗಡಿಯಲ್ಲಿ ಹುಡುಗರನ್ನು ಇಟ್ಟುಕೊಂಡವರೂ ಇದ್ದಾರೆ. ಹಾಗಾಗಿ ಕನಿಷ್ಠ ಕೂಲಿ ಹೆಚ್ಚಿಸಬೇಕೇ ಎಂಬುದನ್ನು ಎರಡೂ ಕಡೆಯಿಂದ ನೋಡಬೇಕು.

ಕನಿಷ್ಠ ಎಂದರೆ ಎಷ್ಟು?

ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಕನಿಷ್ಠ ವೇತನ ಕಾಯ್ದೆ ಬಂತು. ಐದು ವರ್ಷ ಮೀರದಂತೆ ದರವನ್ನು ಪರಿಷ್ಕರಿಸಬೇಕು ಎಂದು ಅದು ಹೇಳಿತು. ಈಗ ಅದರ ಜಾಗದಲ್ಲಿ 2019ರ ವೇತನ ಸಂಹಿತೆ ಇದೆ. 2025ರ ನವೆಂಬರ್ 21ರಂದು ಅದು ಜಾರಿಗೆ ಬಂತು.

ದರ ಲೆಕ್ಕ ಹಾಕುವ ಅಳತೆಗೋಲು 1957ರ ಭಾರತೀಯ ಕಾರ್ಮಿಕ ಸಮ್ಮೇಳನದ್ದು. ದುಡಿಯುವವನು, ಅವನ ಹೆಂಡತಿ, ಇಬ್ಬರು ಮಕ್ಕಳು, ಇಷ್ಟು ಜನರನ್ನು ಮೂರು ಪಾಲೆಂದು ಎಣಿಸಿ, ಪಾಲಿಗೆ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು, ದೀಪ, ಇತರ ಖರ್ಚಿಗೆ ಒಟ್ಟು ಕೂಲಿಯ ಶೇ. 20. ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಸೇರಿಸಿತು: ಮಕ್ಕಳ ಓದು, ಔಷಧೋಪಚಾರ, ಹಬ್ಬ, ಮದುವೆ, ಮುಪ್ಪಿನ ಕಾಲ ಇವುಗಳಿಗಾಗಿ ಇನ್ನೂ ಶೇ. 25 ಇರಬೇಕು.

ಅಂದರೆ ಕನಿಷ್ಠ ಕೂಲಿ ಎನ್ನುವುದು ಸಂತೆಯಲ್ಲಿ ಚೌಕಾಸಿ ಮಾಡಿ ಸಿಕ್ಕ ಬೆಲೆಯಲ್ಲ. ಒಂದು ಕುಟುಂಬ ಮಾನದಿಂದ ಬದುಕಲು ಬೇಕಾದ ಲೆಕ್ಕ ಅದು. ಅದಕ್ಕಿಂತ ಕಡಿಮೆ ಕೊಟ್ಟು ಕೆಲಸ ಮಾಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1983ರಲ್ಲಿ ಹೇಳಿತು. ಆ ಪ್ರಕರಣ ರಾಜಸ್ಥಾನದ ಬರಗಾಲದ ರಸ್ತೆ ಕೆಲಸದ್ದು. ಹಸಿದವರಿಗೆ ಕೆಲಸ ಕೊಟ್ಟು ಉಪಕಾರ ಮಾಡಿದ್ದೇವೆ ಎಂಬ ಸಮಜಾಯಿಷಿಯನ್ನು ನ್ಯಾಯಾಲಯ ಒಪ್ಪಲಿಲ್ಲ. ಬರ ಕಂಡ ರಾಯಚೂರು ಸೀಮೆಯವರಿಗೆ ಈ ಮಾತಿನ ಬೆಲೆ ಗೊತ್ತು.

743 ಮತ್ತು 370

2025ರ ಏಪ್ರಿಲ್‌ನಲ್ಲಿ ಕರ್ನಾಟಕ ಸರಕಾರ ಹೊಸ ದರಗಳ ಕರಡು ಪ್ರಕಟಿಸಿತು. ಮೂರನೇ ವಲಯದಲ್ಲಿ ಅಕುಶಲ ಕೆಲಸಗಾರನಿಗೆ ತಿಂಗಳಿಗೆ ಸುಮಾರು 19,319 ರೂಪಾಯಿ, ಅಂದರೆ ದಿನಕ್ಕೆ 743 ರೂಪಾಯಿ ಎಂದು ಅದರಲ್ಲಿತ್ತು. ಇಷ್ಟು ಕೊಟ್ಟರೆ ಸಣ್ಣ ಕಾರ್ಖಾನೆ ಮುಚ್ಚಬೇಕಾಗುತ್ತದೆ ಎಂದು ಉದ್ಯಮಿಗಳು ಆಕ್ಷೇಪಿಸಿದರು. ಕಾರ್ಮಿಕ ಸಂಘಗಳು ಇದು ಬಹಳ ಹಿಂದೆಯೇ ಆಗಬೇಕಿತ್ತು ಎಂದವು.

ಅದೇ 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಒಂದು ಕರಡಿನ ಪ್ರಸ್ತಾಪವಾಗಿತ್ತು, ಇನ್ನೊಂದು ಕೈಗೆ ಬರುತ್ತಿದ್ದ ಹಣ. ಆದರೂ ಅಂತರ ನೋಡಿ, ಅರ್ಧಕ್ಕರ್ಧ. ಕೆರೆ ಹೂಳೆತ್ತುವವನ ಹೆಂಡತಿ ಮಕ್ಕಳಿಗೆ ಹಸಿವು ಅರ್ಧವೇ ಇರುತ್ತದೆಯೇ?

ಈ ಪ್ರಶ್ನೆ ನಮ್ಮ ರಾಜ್ಯದ ಹೈಕೋರ್ಟ್‌ಗೂ ಹೋಗಿತ್ತು. 2009ರಲ್ಲಿ ಕೇಂದ್ರ ಸರಕಾರ ನರೇಗಾ ಕೂಲಿಯನ್ನು ಕನಿಷ್ಠ ವೇತನದಿಂದ ಬೇರ್ಪಡಿಸಿ 100 ರೂಪಾಯಿಗೆ ನಿಲ್ಲಿಸಿತ್ತು. ಕನಿಷ್ಠ ವೇತನ ಕೊಡಲೇಬೇಕೆಂದು ಕರ್ನಾಟಕ ಹೈಕೋರ್ಟ್ 2011ರ ಸೆಪ್ಟೆಂಬರ್‌ನಲ್ಲಿ ತೀರ್ಪು ನೀಡಿತು. ಅದಕ್ಕೆ ತಡೆ ಕೊಡಲು ಸುಪ್ರೀಂ ಕೋರ್ಟ್ 2012ರ ಜನವರಿಯಲ್ಲಿ ನಿರಾಕರಿಸಿತು. ಆದರೂ ನರೇಗಾಕ್ಕೆ ಬೇರೆಯೇ ದರ ಪ್ರಕಟಿಸುವ ಪದ್ಧತಿ ಮುಂದುವರಿಯಿತು. ಸರಕಾರವೇ ತನ್ನ ಕನಿಷ್ಠವನ್ನು ಪಾಲಿಸದಿದ್ದರೆ ಗುತ್ತೇದಾರನನ್ನು ಕೇಳುವವರು ಯಾರು?

ಕೂಲಿ ನಿಗದಿ ಮಾಡಲು ಶರೀಅತ್ ಒಪ್ಪುತ್ತದೆಯೇ?

ಮದೀನಾದಲ್ಲಿ ಬೆಲೆ ಏರಿದಾಗ ದರ ನಿಗದಿ ಮಾಡಿ ಎಂದು ಜನ ಕೇಳಿದರು, ಪ್ರವಾದಿ(ಸ) ಒಪ್ಪಲಿಲ್ಲ. ಇದನ್ನು ಮುಂದಿಟ್ಟು, ಕೂಲಿಯನ್ನೂ ಮಾರುಕಟ್ಟೆಗೇ ಬಿಡಬೇಕೆಂದು ಕೆಲವರು ವಾದಿಸುತ್ತಾರೆ. ಇಮಾಮ್ ಇಬ್ನ್ ತೈಮಿಯಾ (1263–1328) ತಮ್ಮ ‘ಅಲ್ ಹಿಸ್ಬಾ’ ಗ್ರಂಥದಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಯಾರ ಅನ್ಯಾಯವೂ ಇಲ್ಲದೆ, ಸರಕು ಕಡಿಮೆಯಾಗಿಯೋ ಜನ ಹೆಚ್ಚಾಗಿಯೋ ಬೆಲೆ ಏರಿದರೆ ಆಡಳಿತ ಕೈ ಹಾಕಬಾರದು. ಆದರೆ ಒಬ್ಬರ ಅಗತ್ಯವನ್ನು ಇನ್ನೊಬ್ಬರು ದುರುಪಯೋಗ ಮಾಡಿಕೊಂಡರೆ ನ್ಯಾಯದ ಬೆಲೆ, ನ್ಯಾಯದ ಕೂಲಿ ನಿಗದಿ ಮಾಡುವುದು ಆಡಳಿತದ ಕರ್ತವ್ಯ. ಬೇಸಾಯ, ನೇಯ್ಗೆ, ಕಟ್ಟಡ ಕೆಲಸದವರ ಕೂಲಿಯನ್ನೂ ಅವರು ಈ ಚರ್ಚೆಯಲ್ಲಿ ತರುತ್ತಾರೆ.

ಮನೆಯಲ್ಲಿ ಹಿಟ್ಟಿಲ್ಲದವನು ಯಾವ ಕೂಲಿಗಾದರೂ ಹೂಂ ಎನ್ನುತ್ತಾನೆ. ಆ ಹೂಂ ಅನ್ನು ಒಪ್ಪಿಗೆ ಎಂದು ಕರೆಯುವುದು ಕಷ್ಟ. ಅದಕ್ಕಾಗಿಯೇ ಒಂದು ಕನಿಷ್ಠ ಮಿತಿ ಬೇಕು, ಬೆಲೆ ಏರಿದಂತೆ ಅದು ಏರಬೇಕು.

ಸಣ್ಣ ರೈತನ ಕಷ್ಟ

ಎರಡು ಎಕರೆಯಲ್ಲಿ ಹತ್ತಿ ಹಾಕಿದವನು ಏನು ಮಾಡಬೇಕು? ಅವನ ಕಷ್ಟ ನಿಜ. ಬೀಜ, ಗೊಬ್ಬರ, ಎಣ್ಣೆಗೆ ಮಾಡಿದ ಸಾಲವನ್ನು ಅವನು ಕಡಿಮೆ ಮಾಡಲಾರ. ಕಡಿಮೆ ಮಾಡಲು ಕೈಗೆ ಸಿಗುವುದು ಕೂಲಿ ಒಂದೇ. ಆದರೆ ಬೆಂಬಲ ಬೆಲೆ ಲೆಕ್ಕ ಹಾಕುವಾಗ ರೈತ ಕೊಟ್ಟ ಕೂಲಿಯನ್ನೂ ಮನೆಮಂದಿಯ ದುಡಿಮೆಯ ಬೆಲೆಯನ್ನೂ ಖರ್ಚಿಗೆ ಸೇರಿಸುತ್ತಾರೆ. ಕೂಲಿ ಅಗ್ಗವಾದಷ್ಟು ರೈತನ ಖರ್ಚೂ ಕಡಿಮೆ ಎಂದೇ ಲೆಕ್ಕ ಬೀಳುತ್ತದೆ. ಹಾಗಾಗಿ ರೈತ ಮತ್ತು ಕೂಲಿಯವರು ಎದುರಾಳಿಗಳಲ್ಲ. ಕೂಲಿ ಏರಿಸುವ ಸರಕಾರ ಬೆಳೆಗೆ ಆ ಬೆಲೆ ಸಿಗುವಂತೆಯೂ ನೋಡಿಕೊಳ್ಳಬೇಕು. ಮತ್ತು ಕೊಡುವ ಶಕ್ತಿ ಇರುವ ಮಿಲ್ಲು, ದೊಡ್ಡ ಗುತ್ತಿಗೆ, ಸರಕಾರಿ ಇಲಾಖೆಗಳು ಮೊದಲು ಕೊಡಬೇಕು.

ನಮ್ಮ ಕೈಯಲ್ಲಿರುವುದು

ದರ ಏರಿಸುವುದು ವಿಧಾನಸೌಧದ ಕೆಲಸ. ಇವು ಮಾತ್ರ ನಮ್ಮವು:

ಕೆಲಸ ಶುರುವಾಗುವ ಮೊದಲೇ ಕೂಲಿ ಮಾತಾಡಿ. ಮೂಸಾ(ಅ) ಮದ್ಯನ್‌ನಲ್ಲಿ ದುಡಿಯಲು ಒಪ್ಪಿದಾಗ ಅವಧಿ ಮತ್ತು ಷರತ್ತು ಮೊದಲೇ ನಿಶ್ಚಯವಾಗಿದ್ದುದನ್ನು ಕುರ್‌ಆನಿನ ಅಲ್ ಕಸಸ್ ಅಧ್ಯಾಯ ತಿಳಿಸುತ್ತದೆ.

ಒಂದೇ ಕೆಲಸಕ್ಕೆ ಗಂಡಾಳಿಗೊಂದು, ಹೆಣ್ಣಾಳಿಗೊಂದು ಕೂಲಿ ಬೇಡ. 1976ರಿಂದಲೇ ಕಾನೂನು ಇದನ್ನು ನಿಷೇಧಿಸಿದೆ.

ಕೂಲಿಯಲ್ಲಿ ಹಿಡಿದುಕೊಂಡು ರಮಝಾನಿನಲ್ಲಿ ಅದೇ ಆಳಿಗೆ ಝಕಾತ್ ಕೊಟ್ಟು ಸಮಾಧಾನ ಪಡಬೇಡಿ. ಝಕಾತ್‌ನಿಂದ ಕೂಲಿಯ ಬಾಕಿ ತೀರುವುದಿಲ್ಲ. ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಪರಲೋಕದಲ್ಲಿ ಅಲ್ಲಾಹನೇ ವಾದಿಯಾಗಿ ನಿಲ್ಲುತ್ತಾನೆಂದು ಹದೀಸ್ ಎಚ್ಚರಿಸಿದೆ.

ಕೂಲಿಗೆ ಹೋಗುವವರು ದುಡಿದ ದಿನ, ತೂಕ, ಪಡೆದ ಹಣ, ಮುಂಗಡ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಓದುವ ಮಕ್ಕಳಿಂದ ಬರೆಸಿ. ಕಾರ್ಮಿಕ ನಿರೀಕ್ಷಕರ ಮುಂದೆ ದೂರು ನಿಲ್ಲಬೇಕಾದರೆ ಇಂತಹ ಬರಹವೇ ಆಧಾರ.

ಇನ್ನೊಬ್ಬರ ದುಡಿಮೆಯ ಹಕ್ಕನ್ನು ಹೊತ್ತುಕೊಂಡು ತನ್ನ ಮುಂದೆ ನಿಲ್ಲುವ ಸ್ಥಿತಿಯಿಂದ ಅಲ್ಲಾಹನು ನಮ್ಮನ್ನು ಕಾಪಾಡಲಿ. ಆಮೀನ್.