ಎತ್ತಿಗೆ ಜ್ವರ, ಬ್ಯಾಡ್ಜರ್‌ಗೆ ಬರೆ?

ಇಂಗ್ಲೆಂಡಿನ ಹೈನುಗಾರನಿಗೆ ಕ್ಷಯ ಪರೀಕ್ಷೆ ಅಂದ್ರೆ ಎದೆ ಢವಢವ. ಪಾಸಿಟಿವ್ ಬಂದ ಹಸು ಕಸಾಯಿಖಾನೆಗೆ ಹೋಗಲೇಬೇಕು. ಬಿಲದಲ್ಲಿ ವಾಸಿಸುವ, ಮುಖದ ಮೇಲೆ ಕಪ್ಪು-ಬಿಳಿ ಪಟ್ಟೆಯ ಬ್ಯಾಡ್ಜರ್‌ಗೂ ಇದೇ ರೋಗವಿದೆ ಅಂತ ಅಲ್ಲಿ ಗೊತ್ತಾಗಿದ್ದು 1971ರಲ್ಲಿ. ಹಾಗಾದ್ರೆ ಬ್ಯಾಡ್ಜರ್ ಕೊಂದರೆ ಹಸು ಉಳಿಯುತ್ತಾ?

1998ರಿಂದ 2005ರವರೆಗೆ ಸರ್ಕಾರ ಪ್ರಯೋಗ ಮಾಡಿಯೇ ನೋಡಿತು. ಸುಮಾರು 11 ಸಾವಿರ ಬ್ಯಾಡ್ಜರ್ ಸತ್ತವು. ಕೊಂದ ಪ್ರದೇಶದೊಳಗೆ ದನಗಳ ರೋಗ ಇಳಿಯಿತು. ಅದರ ಅಂಚಿನಾಚೆ ಏರಿತು! ಯಾಕೆ ಗೊತ್ತಾ? ಬ್ಯಾಡ್ಜರ್ ಗುಂಪು ತನ್ನ ಸರಹದ್ದಿನಲ್ಲೇ ಇರುತ್ತೆ. ಗುಂಪು ಒಡೆದಾಗ ಉಳಿದವು ಚದುರಿ, ರೋಗ ಹೊತ್ತು ತಿರುಗಿದವು. ಇಂಜಿನಿಯರಿಂಗ್ ಓದಿದ ನನಗೆ ಅರ್ಥವಾಗೋದು ಇಷ್ಟೇ: ಬಲೂನ್ ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತೆ.

ಕೊಲ್ಲುವುದರಿಂದ ಹೇಳಿಕೊಳ್ಳುವ ಲಾಭವಿಲ್ಲ ಎಂದು 2007ರಲ್ಲಿ ವಿಜ್ಞಾನಿಗಳ ತಂಡ ಹೇಳಿತು. ಆದರೂ 2013ರಲ್ಲಿ ಮತ್ತೆ ಬಂದೂಕು ಹೊರಬಂತು. ಅಲ್ಲಿಂದೀಚೆಗೆ ಸತ್ತಿದ್ದು 2 ಲಕ್ಷಕ್ಕೂ ಹೆಚ್ಚು. ಕೊಂದ ಕಡೆ ರೋಗ ಇಳಿದಿದೆ ಅಂತಾರೆ ಪರ ಇರುವವರು. ದನಗಳ ಪರೀಕ್ಷೆಯೂ ಆಗಲೇ ಬಿಗಿಯಾಯ್ತಲ್ಲ, ಇಳಿದದ್ದು ಯಾವುದರಿಂದ ಅಂತಾರೆ ವಿರೋಧಿಗಳು.

ಬ್ಯಾಡ್ಜರ್ ಪೂರ್ತಿ ನಿರಪರಾಧಿಯಲ್ಲ, ನಿಜ. ಆದರೆ ಹಸುವಿನಿಂದ ಹಸುವಿಗೂ ಈ ರೋಗ ಹರಡುತ್ತೆ. ಕೊಟ್ಟಿಗೆಯೊಳಗಿನ ದಾರಿ ಮುಚ್ಚದೆ ಬಿಲದ ಬಾಯಲ್ಲಿ ಬಂದೂಕು ಹಿಡಿದು ಕೂತರೆ, ರೈತನ ಹಸು ಉಳಿಯುತ್ತಾ? ಯೋಚನೆ ಮಾಡಿ.