ರಾತ್ರಿ ರೈಲಿನಲ್ಲಿ ಭಕ್ಷೀಸು ಯಾರ ಕೈಗೆ?

ಸಂಜೆ ಏಳಕ್ಕೆಲ್ಲ ನಿಲ್ದಾಣದಲ್ಲಿದ್ದೆ. ದೆಹಲಿ ಕಡೆಗೆ ಹೋಗುವ ರೈಲು. ಎರಡು ರಾತ್ರಿ, ಒಂದು ಹಗಲು. ಊಟ ತಿಂಡಿಯ ದುಡ್ಡು ಟಿಕೆಟ್ಟಿನಲ್ಲೇ ಸೇರಿದೆ. ಈ ದಾರಿ ನನಗೆ ಹೊಸದಲ್ಲ. ಆದರೆ ಈ ಸಲ ಒಂದು ವಿಷಯವನ್ನು ಗಮನವಿಟ್ಟು ನೋಡಬೇಕೆಂದುಕೊಂಡಿದ್ದೆ: ಇಷ್ಟು ದೂರ ಹೋಗುವಾಗ ಯಾರ್ಯಾರು ನಮಗಾಗಿ ದುಡಿಯುತ್ತಾರೆ, ಭಕ್ಷೀಸು ಯಾರಿಗೆ ಹೋಗುತ್ತದೆ, ಯಾರಿಗೆ ಹೋಗುವುದೇ ಇಲ್ಲ.

ಆಟೊದಿಂದ ಇಳಿಯುತ್ತಿದ್ದ ಹಾಗೆ ಕೆಂಪಂಗಿ ತೊಟ್ಟ ಕೂಲಿಯವರೊಬ್ಬರು ಬಂದರು. ತೋಳಿಗೆ ಹಿತ್ತಾಳೆ ಬಿಲ್ಲೆ. ಎಷ್ಟು ಎಂದು ಕೇಳಿದೆ. "ನೋಡಿ ಕೊಡಿ ಸಾರ್" ಅಂದರು. ಎಲ್ಲ ಜಗಳ ಹುಟ್ಟುವುದೂ ಈ "ನೋಡಿ ಕೊಡಿ"ಯಲ್ಲೇ. ನಾನು ಅಲ್ಲೇ ನಿಂತು ಒಂದು ಮೊತ್ತ ಗೊತ್ತುಮಾಡಿಕೊಂಡೆ. ನಮ್ಮ ಮುಂದೆ ಹೋಗುತ್ತಿದ್ದ ಕುಟುಂಬ ಹಾಗೆ ಮಾಡಿರಲಿಲ್ಲ, ಬೋಗಿಯ ಬಾಗಿಲಲ್ಲಿ ದನಿ ಏರಿತು. ಲೈಸೆನ್ಸ್ ಪಡೆದ ಈ ಕೂಲಿಗಳಿಗೆ ರೈಲ್ವೆಯಿಂದ ತಿಂಗಳ ಸಂಬಳವಿಲ್ಲ. ನಾವು ಕೊಡುವುದೇ ಅವರ ದುಡಿಮೆ. ಹಾಗಾಗಿ ಅದು ಭಕ್ಷೀಸಲ್ಲ, ಕೂಲಿ. ಒಪ್ಪಿದ್ದನ್ನು ಕೊಟ್ಟ ಮೇಲೆ ಚಿಲ್ಲರೆ ವಾಪಸ್ ಕೇಳದೆ ಬಿಟ್ಟರೆ, ಆ ಚಿಲ್ಲರೆಯಷ್ಟೇ ಭಕ್ಷೀಸು.

ಎಸಿ ಥ್ರೀ ಟಯರ್ ಬೋಗಿ. ಬಾಗಿಲು ದಾಟಿದರೆ ಪಕ್ಕದಲ್ಲೇ ಹಾಸಿಗೆ ಬಟ್ಟೆಯ ಕಪಾಟು. ಅದರ ಮುಂದೆ ಇಪ್ಪತ್ತೈದೂ ದಾಟಿರದ ಹುಡುಗ ಕಂದು ಕಾಗದದ ಪೊಟ್ಟಣಗಳನ್ನು ತೋಳ ಮೇಲೆ ಗಲ್ಲದವರೆಗೂ ಪೇರಿಸಿಕೊಂಡು ನಿಂತಿದ್ದ. ಬೋಗಿಯಲ್ಲಿ 72 ಬರ್ತ್. ಬರ್ತಿಗೆ ಎರಡು ಬೆಡ್‌ಶೀಟ್ ಅಂದರೆ 144. ಜತೆಗೆ ದಿಂಬು, ದಿಂಬಿನ ಕವರು, ಕೈ ಒರೆಸುವ ಟವೆಲ್, ಕಂಬಳಿ. ಎಲ್ಲವನ್ನೂ ಅವನೊಬ್ಬನೇ ಹಂಚಬೇಕು, ಅವನೊಬ್ಬನೇ ಎಣಿಸಿ ವಾಪಸ್ ತೆಗೆದುಕೊಳ್ಳಬೇಕು. ಕೊರೊನಾ ಬಂದಾಗ 2020ರಲ್ಲಿ ನಿಂತಿದ್ದ ಈ ಏರ್ಪಾಟು 2022ರ ಮಾರ್ಚ್‌ನಲ್ಲಿ ಮತ್ತೆ ಶುರುವಾಯಿತು. ಆ ಎರಡು ವರ್ಷ ಮನೆಯಿಂದಲೇ ಹೊದಿಕೆ ಹೊತ್ತು ತಂದವರಿಗೆ ಈ ಪೊಟ್ಟಣದ ಬೆಲೆ ಚೆನ್ನಾಗಿ ಗೊತ್ತು.

ಎಂಟೂವರೆಗೆ ಟಿಕೆಟ್ ನೋಡುವ ಟಿಟಿಇ ಬಂದರು. ಸೈಡ್ ಲೋಯರ್‌ನಲ್ಲಿ ಅರ್ಧ ಬರ್ತಷ್ಟೇ ಸಿಕ್ಕ ಆರ್‌ಎಸಿಯ ಇಬ್ಬರು ಒಂದೇ ಬರ್ತಿನ ಮೇಲೆ ಮಂಡಿ ಮಡಚಿ ಕೂತಿದ್ದರು. ಅಷ್ಟರಲ್ಲಿ ಇನ್ನೊಬ್ಬ ಪ್ರಯಾಣಿಕ ಟಿಟಿಇ ಹತ್ತಿರ ಸರಿದು, ಮಡಚಿದ ನೋಟು ತೋರಿಸಿ ಖಾಲಿ ಬರ್ತಿನ ಮಾತೆತ್ತಿದ. ಟಿಟಿಇ ಕೈಯಲ್ಲಿದ್ದ ಯಂತ್ರ ನೋಡುತ್ತಲೇ ತಲೆಯಾಡಿಸಿ ಮುಂದೆ ಹೋದರು. ಸಮಾಧಾನವಾಯಿತು. ಇಂಥ ನೋಟನ್ನು "ಟೀ ಕಾಫಿಗೆ" ಎಂದು ಕರೆಯುವ ರೂಢಿ ನಮ್ಮಲ್ಲಿದೆ. ಖಾಲಿಯಾದ ಬರ್ತ್ ಮೊದಲು ಸಲ್ಲಬೇಕಾದದ್ದು ಆರ್‌ಎಸಿಯವರಿಗೆ. ನೋಟು ಕೊಟ್ಟು ಅದನ್ನು ಪಡೆದರೆ, ಮಂಡಿ ಮಡಚಿ ಕೂತವರ ಪಾಲಿನ ನಿದ್ದೆಯನ್ನು ಕಿತ್ತುಕೊಂಡ ಹಾಗೆ. ಅದು ಲಂಚ. ಅದಕ್ಕೆ ಬೇರೆ ಹೆಸರು ಬೇಡ.

ಹತ್ತಕ್ಕೆ ದೀಪ ಆರಿದವು. ನಿದ್ದೆ ಹತ್ತದೆ ಒಂದೂವರೆ ಹೊತ್ತಿಗೆ ಬಾಗಿಲ ಕಡೆ ಹೋದೆ. ಆ ಹುಡುಗ ಕಪಾಟಿನ ಪಕ್ಕದ ಇಕ್ಕಟ್ಟಿನಲ್ಲಿ ಮಡಚಿದ ಕಂಬಳಿಗೆ ತಲೆಯಾನಿಸಿ ಮಲಗಿದ್ದ. ಶೌಚಾಲಯದ ಬಾಗಿಲು ಬಡಿದಾಗಲೆಲ್ಲ ಕಣ್ಣು ತೆರೆಯುತ್ತಿದ್ದ. ಸ್ವಲ್ಪ ಹೊತ್ತಿಗೆ ಎದ್ದು ಮೊಬೈಲ್ ಬೆಳಕಲ್ಲಿ ಬರ್ತ್ ನಂಬರು ಹುಡುಕುತ್ತಾ ಹೋಗಿ, ವಯಸ್ಸಾದ ದಂಪತಿಯನ್ನು ಮೆಲ್ಲನೆ ಎಬ್ಬಿಸಿದ. ಎಬ್ಬಿಸಪ್ಪಾ ಎಂದು ಅವರು ಹೇಳಿಟ್ಟಿದ್ದರಂತೆ. ಅವರ ಬ್ಯಾಗನ್ನು ಬಾಗಿಲವರೆಗೆ ತಂದಿಟ್ಟ, ಅಜ್ಜಿಯ ಕೈ ಹಿಡಿದು ಇಳಿಸಿದ. ಎರಡೇ ನಿಮಿಷದ ನಿಲುಗಡೆ. ಆ ಗಡಿಬಿಡಿಯಲ್ಲಿ ಅವರಿಗೆ ಪರ್ಸಿನ ನೆನಪೇ ಬರಲಿಲ್ಲ. ತಪ್ಪು ಅವರದೆನ್ನಲಾರೆ. ಆದರೆ ಇಡೀ ಪ್ರಯಾಣದಲ್ಲಿ ನಾನು ಕಂಡ ಅತ್ಯಂತ ದೊಡ್ಡ ಉಪಕಾರಕ್ಕೆ ಒಂದು ರೂಪಾಯಿಯೂ ಸಲ್ಲಲಿಲ್ಲ.

ಬೆಳಿಗ್ಗೆ ಮಾತಿಗೆ ಸಿಕ್ಕ. ರಾಯಚೂರು ಕಡೆಯ ಹುಡುಗ. ಖಾಲಿಯಾದ ಬರ್ತಿನ ಕಂಬಳಿ ಕೊಡವುತ್ತಿದ್ದ. ಒಂದೊಂದನ್ನೂ ಎರಡು ಸಲ ಕೊಡವಿ, ಆಮೇಲೆ ಬರ್ತಿನ ಸಂದಿಗೆ ಕೈ ಹಾಕಿ ತಡಕಾಡುತ್ತಿದ್ದ. ಏನು ಹುಡುಕ್ತಾ ಇದ್ದೀಯ ತಮ್ಮಾ ಎಂದೆ.

"ಟವೆಲ್ಲು ಸಾರ್. ಕಳದ್ರ ನಮ್ಮ ಪಗಾರದಾಗ ಹಿಡೀತಾರ್ರಿ."

ಅವನಿಗೆ ಸಂಬಳ ಕೊಡುವವನು ಗುತ್ತಿಗೆದಾರ. ಹಿಂದಿನ ಪ್ರಯಾಣಗಳಲ್ಲಿ ಬ್ಯಾಗಿನೊಳಗೆ ಟವೆಲ್ ತುರುಕಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ, ಸುಮ್ಮನೆಯೂ ಇದ್ದೇನೆ. ಇನ್ನು ಸುಮ್ಮನಿರಲಾರೆ.

ಭಕ್ಷೀಸು ಸಂಬಳದ ಜಾಗಕ್ಕೆ ಬಂದು ಕೂತರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ರೈಲುಗಳ ಕಥೆ ಇದೆ. ಅಲ್ಲಿನ ಮಲಗುವ ಬೋಗಿಗಳಲ್ಲಿ ಹಾಸಿಗೆ ಹಾಸಿ, ಬೂಟು ಒರೆಸುತ್ತಿದ್ದ ಕಪ್ಪು ವರ್ಣದ ನೌಕರರಿಗೆ ಸಂಬಳ ತೀರಾ ಕಡಿಮೆ ಇತ್ತು, ಪ್ರಯಾಣಿಕರ ಭಕ್ಷೀಸಿನ ಮೇಲೇ ಬದುಕು ನಡೆಯಬೇಕಿತ್ತು. ಅವರು 1925ರಲ್ಲಿ ಸಂಘ ಕಟ್ಟಿದರು. ಆ ಬೋಗಿಗಳನ್ನು ನಡೆಸುತ್ತಿದ್ದ ಕಂಪನಿ ಅವರೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದ್ದು 1937ರಲ್ಲಿ, ಹನ್ನೆರಡು ವರ್ಷದ ಹೋರಾಟದ ನಂತರ. ಆ ಹುಡುಗನಿಗೆ ನಾನು ಕೊಡುವ ನೋಟು ಅವನ ನ್ಯಾಯವಾದ ಸಂಬಳಕ್ಕೆ ಬದಲಿಯಾಗಬಾರದು ಎಂದು ನನ್ನ ಮನಸ್ಸು ಹೇಳುತ್ತದೆ. ಹಾಗೆಂದು ಕೊಡದೇ ಇದ್ದುಬಿಟ್ಟರೆ ಸಂಬಳವೇನೂ ಏರುವುದಿಲ್ಲ. ಈ ಗೊಂದಲ ನನಗೆ ಇನ್ನೂ ಬಗೆಹರಿದಿಲ್ಲ.

ಹಗಲು ಪ್ಯಾಂಟ್ರಿ ಕಾರಿನವರೆಗೂ ನಡೆದುಹೋದೆ. ಬಾಗಿಲಲ್ಲೇ ಬಿಸಿಗಾಳಿ ಮುಖಕ್ಕೆ ರಾಚಿತು. ರೈಲು ವಾಲಿದಾಗಲೆಲ್ಲ ಒಬ್ಬ ಸಾಂಬಾರಿನ ಪಾತ್ರೆಯನ್ನು ಸೊಂಟದಿಂದ ತಡೆದು ನಿಲ್ಲಿಸುತ್ತಿದ್ದ. ನಮ್ಮ ಮುಂದೆ ತಟ್ಟೆ ಇಡುವವರಷ್ಟೇ ನಮಗೆ ಕಾಣುತ್ತಾರೆ. ಇವನು ಕಾಣುವುದಿಲ್ಲ.

ಎರಡನೇ ರಾತ್ರಿಯ ಊಟವಾದ ಮೇಲೆ, ಗೊತ್ತಿದ್ದಂತೆಯೇ, ಭಕ್ಷೀಸಿನ ತಟ್ಟೆ ಬಂತು. ಸ್ಟೀಲ್ ತಟ್ಟೆ, ಅದರಲ್ಲಿ ಸೋಂಪು, ಕಲ್ಲುಸಕ್ಕರೆ, ಮೇಲೆ ಮೊದಲೇ ಹರಡಿಟ್ಟ ನೂರರ ಎರಡು ನೋಟು, ಐವತ್ತರ ಒಂದು. ಎದುರು ಕೂತಿದ್ದ ಕಾಲೇಜು ಹುಡುಗ ಜೇಬಿನಿಂದ ಇಪ್ಪತ್ತು ತೆಗೆದವನು ಆ ನೂರರ ನೋಟು ನೋಡಿ ಮತ್ತೆ ಒಳಗಿಟ್ಟು, ಐವತ್ತು ಹಾಕಿದ. ಟಿಪ್ಸ್ ಕೇಳಬಾರದೆಂಬ ನಿಯಮವಿದೆ. ತಟ್ಟೆ ತಂದವರು ಬಾಯಿಬಿಟ್ಟು ಕೇಳಲಿಲ್ಲ, ನಿಂತರು, ಅಷ್ಟೇ. ಹಿಂದೊಮ್ಮೆ ಬೇರೊಂದು ರೈಲಿನಲ್ಲಿ ನಾನು ಹತ್ತು ರೂಪಾಯಿ ಇಟ್ಟಾಗ ತಟ್ಟೆ ಹಿಡಿದವನು ಅಲ್ಲಾಡದೆ ನಿಂತಿದ್ದ, ಅಕ್ಕಪಕ್ಕದವರೆಲ್ಲ ನೋಡುತ್ತಿದ್ದರು. ಆ ಮುಜುಗರ ಇನ್ನೂ ನೆನಪಿದೆ. ಈ ಸಲ ಐವತ್ತು ಇಟ್ಟೆ. ಬಡಿಸಿದ ಕೈಗಾಗಿ ಇಟ್ಟೆನೋ, ನಾಚಿಕೆಗಾಗಿ ಇಟ್ಟೆನೋ, ಖಚಿತವಾಗಿ ಹೇಳಲಾರೆ. ಅದರಲ್ಲಿ ಆ ಸಾಂಬಾರಿನವನಿಗೆ ಎಷ್ಟು ಪಾಲು ಹೋಯಿತು ಎಂಬುದೂ ನನಗೆ ಕಾಣಲಿಲ್ಲ. ಬೇಡ ಎನ್ನಿಸಿದವರು ಸೋಂಪು ತೆಗೆದುಕೊಂಡು ಸುಮ್ಮನಿರಬಹುದು. ಅದರಲ್ಲಿ ಅವಮಾನವೇನಿಲ್ಲ.

ಶೌಚಾಲಯ ತೊಳೆಯುವವರು ಆ ರಾತ್ರಿ ಹನ್ನೊಂದಕ್ಕೊಮ್ಮೆ ಬಕೆಟ್ ಹಿಡಿದು ಬಂದರು. ಅವರ ಕೈಗೆ ತಟ್ಟೆ ಕೊಟ್ಟು ಕಳಿಸುವವರು ಯಾರೂ ಇಲ್ಲ. ಇಪ್ಪತ್ತು ರೂಪಾಯಿ ಕೊಟ್ಟೆ. ನನ್ನನ್ನೊಮ್ಮೆ, ನೋಟನ್ನೊಮ್ಮೆ ನೋಡಿ, ಒದ್ದೆ ಕೈ ಅಂಗಿಗೆ ಒರೆಸಿಕೊಂಡು ತೆಗೆದುಕೊಂಡರು.

ಕೊನೆಯ ಬೆಳಗು, ಇನ್ನೂ ಕತ್ತಲು. ಬೆಡ್‌ಶೀಟ್ ಮಡಚಿ, ಮೇಲೆ ಕಾಣುವಂತೆ ಟವೆಲ್ ಇಟ್ಟು, ಆ ಹುಡುಗನನ್ನು ಹುಡುಕಿಕೊಂಡು ಹೋದೆ. ಪಕ್ಕದವರು ಚಿಲ್ಲರೆ ಇಲ್ಲವೆಂದು ಅವನ ಮೊಬೈಲಿಗೇ ದುಡ್ಡು ಕಳಿಸಲು ನೋಡುತ್ತಿದ್ದರು. ನೆಟ್‌ವರ್ಕ್ ಸಿಗದೆ ಚಕ್ರ ಸುತ್ತುತ್ತಲೇ ಇತ್ತು, ಅಷ್ಟರಲ್ಲಿ ನಿಲ್ದಾಣ ಬಂತು. ನಾನು ರಾತ್ರಿಗೆ ಐವತ್ತರಂತೆ ಎರಡು ನೋಟು ಅವನ ಕೈಗಿಟ್ಟೆ. ಅಜ್ಜಿಯನ್ನು ಇಳಿಸಿದ್ದನ್ನು ನೋಡಿದೆ ಎಂದೂ ಹೇಳಿದೆ. ನಕ್ಕ, ಮತ್ತೆ ಎಣಿಕೆಗೆ ಹೋದ.

ರಾತ್ರಿ ರೈಲು ಹತ್ತುವ ಮುನ್ನ ಇಪ್ಪತ್ತು, ಐವತ್ತರ ನಾಲ್ಕಾರು ನೋಟು ಮುಂದಿನ ಜೇಬಿನಲ್ಲಿ ಇಟ್ಟುಕೊಳ್ಳಿ. ನಡುರಾತ್ರಿ ಇಳಿಯುವವರಾದರೆ ಮಲಗುವ ಮುಂಚೆಯೇ ಕೊಟ್ಟುಬಿಡಿ. ಏನೂ ಕೊಡದಿದ್ದರೂ ಚಿಂತೆಯಿಲ್ಲ, ಟವೆಲ್ಲನ್ನು ಮಾತ್ರ ಬರ್ತಿನ ಮೇಲೇ ಬಿಟ್ಟು ಇಳಿಯಿರಿ.